ಬೋರಲಿಂಗಯ್ಯನವರ ಲೋಟ

ನಮ್ಮೂರಿನಲ್ಲಿ ಯಾರಾದರೂ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡರೆ ಪಕ್ಕದಲ್ಲಿದ್ದವರು ಮೊದಲು ಕೇಳುವುದು "ಯಾವ ವಿಷಯ?" ಎಂದು. ಮಗಳನ್ನು ಯಾವ ಶಾಲೆಗೆ ಹಾಕುವುದು, ನಾದಿನಿಯ ಜೊತೆ ಮಾತು ಬಿಡುವುದೋ ಇಟ್ಟುಕೊಳ್ಳುವುದೋ, ಹಳೇ ಸ್ಕೂಟರ್ ಮಾರುವುದೋ ಬೇಡವೋ, ಏನೋ ಒಂದು ತೀರ್ಮಾನವಾಗದೆ ಮನಸ್ಸಿನಲ್ಲಿ ಉಳಿದಿದೆ ಎಂದೇ ಅರ್ಥ. ಅದು ತೀರ್ಮಾನವಾಗುವ ತನಕ ಆ ಮನುಷ್ಯ ಒಂದು ಗುಟುಕು ಕುಡಿದಿಟ್ಟ ಕಾಫಿ ತಣ್ಣಗಾಗುವುದಿಲ್ಲ. ಊದಿ ನೋಡಿ, ಫ್ಯಾನಿನ ಕೆಳಗಿಡಿ, ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯಿರಿ, ಕೈ ನೋಯುತ್ತದೆಯೇ ಹೊರತು ಕಾಫಿ ಇದ್ದ ಹಾಗೇ ಇರುತ್ತದೆ. ನೀರಿನ ಬಕೆಟ್ಟಿನಲ್ಲಿ ಇಟ್ಟರೆ ಬಕೆಟ್ಟಿನ ನೀರು ಬೆಚ್ಚಗಾಗುತ್ತದೆ, ಅದರಲ್ಲಿ ಕೈಕಾಲು ತೊಳೆದುಕೊಳ್ಳಬಹುದು.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಅವಳ ಲೋಟವನ್ನೇ ಹೆಚ್ಚು ನೋಡುತ್ತಾರೆ. ಪುರಸಭೆಯ ಮೀಟಿಂಗಿನಲ್ಲಿ ಕಾಫಿ ಕೊಡುವುದನ್ನೇ ನಿಲ್ಲಿಸಿ ಮಜ್ಜಿಗೆ ಶುರು ಮಾಡಿದ್ದಾರೆ. ನನ್ನ ಯಜಮಾನರು ಮನೆಗೆ ಯಾವ ಬಣ್ಣ ಹೊಡೆಸುವುದು ಎಂದು ತೀರ್ಮಾನ ಮಾಡಲಾಗದೆ ಹನ್ನೊಂದು ವರ್ಷ ಕುದಿಯುವ ಕಾಫಿ ಕುಡಿದರು. ಕೊನೆಗೆ ಬೋಳು ಗೋಡೆಗಳನ್ನು ನನಗೆ ಬಿಟ್ಟು ತೀರಿಕೊಂಡರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ನೆನಪಾದಾಗ ಅಳುವೂ ಬರುತ್ತದೆ. ಎರಡೂ ಒಟ್ಟಿಗೇ ಬರುವುದು ಅಭ್ಯಾಸವಾಗಿಬಿಟ್ಟಿದೆ.

ನನ್ನ ಹೆಸರು ವಾರಿಜಾಕ್ಷಿ. ಆಸ್ಪತ್ರೆಯ ಎದುರು ದಾರ, ಲೇಸು, ಬಟನ್ನು ಮಾರುವ ಅಂಗಡಿ ನನ್ನದು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಡಾಕ್ಟರ್ ಮುಬೀನಾ ಅಂಗಡಿಗೆ ಬಂದು ಮೂರು ಬಣ್ಣದಲ್ಲಿ ಇನ್ನೂರಿನ್ನೂರು ಟಿಚ್ ಬಟನ್ ಬೇಕು ಎಂದರು. ಅಷ್ಟೊಂದು ಬಟನ್ ಯಾವ ಬಟ್ಟೆಗೆ ಎಂದು ಕೇಳಿದೆ. ಅವರು ಕ್ಯಾನ್ಸರ್ ವಾರ್ಡಿಗೆ ಹೊಸದಾಗಿ ಬಂದವರು. ಬಂದ ವಾರದಲ್ಲೇ ಅಲ್ಲಿನ ಕಿಟಕಿಯ ಕಟ್ಟೆಯ ಮೇಲೆ ಏಳು ಲೋಟಗಳು ಸಾಲಾಗಿ ಹಬೆಯಾಡುತ್ತಿದ್ದುದನ್ನು ನೋಡಿದ್ದರಂತೆ. ಆ ಲೋಟಗಳವರು ಯಾರೂ ಕೋಣೆಯಲ್ಲಿರಲಿಲ್ಲ. ಒಬ್ಬೊಬ್ಬರೂ "ನೀವು ಹೇಳಿದ ಹಾಗೇ ಆಗ್ಲಿ ಡಾಕ್ಟ್ರೇ" ಎಂದು ತಲೆಯಾಡಿಸಿ ಆಪರೇಷನ್ನಿಗೋ ಔಷಧಿಗೋ ಹೋಗಿಬಿಟ್ಟಿದ್ದರು. ಒಪ್ಪಿಕೊಂಡಿದ್ದರು, ತೀರ್ಮಾನ ಮಾತ್ರ ಯಾರೂ ಮಾಡಿರಲಿಲ್ಲ. "ಆ ಏಳು ಲೋಟ ನನಗೆ ಕನಸಲ್ಲೂ ಬರ್ತವೆ" ಎಂದರು ಡಾಕ್ಟರ್ ಮುಬೀನಾ. ಅವರಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲವಾದ್ದರಿಂದ ಬಟನ್ನುಗಳನ್ನು ನಾನೇ ಹೊಲಿದುಕೊಟ್ಟೆ. ಹೊಲಿದವಳೇ ತೋರಿಸಿಕೊಡಲಿ ಎಂದು ಆಮೇಲೆ ನನ್ನನ್ನೇ ಅಲ್ಲಿ ಕೂರಿಸಿದರು.

ಬಟನ್ನು ಹೊಲಿದದ್ದು ಮೇಜಿನ ಮೇಲೆ ಹಾಸುವ ಒಂದು ಬಟ್ಟೆಗೆ. ನಡುವೆ ಒಂದು ಗೆರೆ, ಎರಡೂ ಕಡೆ ನೂರು ನೂರು ಬಟನ್ನು. ಒಂದೊಂದು ಬಟನ್ನೂ ನಿಮ್ಮಂಥದೇ ಕಾಯಿಲೆ ಇರುವ ಒಬ್ಬ ಮನುಷ್ಯ. ಈ ಚಿಕಿತ್ಸೆ ತೆಗೆದುಕೊಂಡರೆ ನೂರರಲ್ಲಿ ಎಷ್ಟು ಜನ ಐದು ವರ್ಷದ ಮೇಲೆ ಇರುತ್ತಾರೆ, ಆ ಚಿಕಿತ್ಸೆಯಲ್ಲಿ ಎಷ್ಟು ಜನ, ಯಾರಿಗೆ ಯಾವ ತೊಂದರೆ, ಎಲ್ಲವನ್ನೂ ಬಣ್ಣದ ಮೇಲೆ ಎಣಿಸಿ ತೋರಿಸಬಹುದು. ಟಿಚ್ ಬಟನ್ ಆದ್ದರಿಂದ ಒಬ್ಬೊಬ್ಬರ ಕಾಯಿಲೆಗೆ ತಕ್ಕಂತೆ, ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿಕೊಂಡು ತೆಗೆದು ಹಾಕಲು ಸುಲಭ. ಎಣಿಸಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ನಿಮಗೆ ಯಾವುದು ಮುಖ್ಯ? ಅದನ್ನು ಕೇಳಿ ಬಾಯಿ ಮುಚ್ಚಿಕೊಂಡು ಕೂರಬೇಕು. ನನ್ನಂಥವಳಿಗೆ ಅದೇ ದೊಡ್ಡ ಕಷ್ಟ. ಎಲ್ಲ ಮುಗಿದ ಮೇಲೆ, ಮೊದಲೇ ಒಂದು ಗುಟುಕು ಕುಡಿಸಿ ಇಟ್ಟಿದ್ದ ರೋಗಿಯ ಕಾಫಿ ಲೋಟ ಮುಟ್ಟಿ ನೋಡಿ, ತಣ್ಣಗಿದ್ದರೆ ಚೀಟಿಯ ಮೇಲೆ ಸಹಿ ಹಾಕಿ ಡಾಕ್ಟರಿಗೆ ಕೊಡುತ್ತೇನೆ. ರೋಗಿಯ ಲೋಟಕ್ಕೆ ಒಂದು ಕೆಂಪು ದಾರ ಕಟ್ಟುವುದು ರೂಢಿ, ಜೊತೆಯಲ್ಲಿ ಬಂದವರ ಲೋಟದ ಜೊತೆ ಅದಲು ಬದಲಾಗಬಾರದೆಂದು.

ಬೋರಲಿಂಗಯ್ಯನವರು ಬಂದ ದಿನ ನಾನು ದಾರ ಕಟ್ಟಲಿಲ್ಲ. ಗಂಡ ಹೆಂಡತಿ ಇಬ್ಬರೇ ಬಂದಿದ್ದಾರೆ, ಇದಕ್ಕೆಲ್ಲ ದಾರ ಯಾಕೆ ಎಂದುಕೊಂಡೆ.

ಬೋರಲಿಂಗಯ್ಯ ಎಂದರೆ ನಮ್ಮ ಬಸ್ ಸ್ಟ್ಯಾಂಡಿನ ಅನೌನ್ಸರು. ಮೂವತ್ತೊಂದು ವರ್ಷದಿಂದ ಮೈಕಿನ ಮುಂದೆ ಕೂತು ಯಾವ ಗಾಡಿ ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಊರಿಗೆಲ್ಲ ಹೇಳಿದವರು. ಅವರ ದನಿ ಕೇಳಿ ಹಾಲು ಕಾಯಿಸಲು ಇಡುವವರಿದ್ದಾರೆ, ಮಕ್ಕಳನ್ನು ಎಬ್ಬಿಸುವವರಿದ್ದಾರೆ. ನಾನು ಅಂಗಡಿ ತೆಗೆಯುವುದೇ ಅವರ ಎಂಟೂಕಾಲರ ಗಾಡಿಗೆ. ಆ ದನಿ ಐದಾರು ತಿಂಗಳಿಂದ ಕಟ್ಟಿಕೊಂಡು ಗೊರಗೊರ ಎನ್ನುತ್ತಿತ್ತು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ದಿನ ಡ್ರೈವರುಗಳು ಕಂಡಕ್ಟರುಗಳು ಹತ್ತು ಹದಿನೈದು ಜನ ಆಸ್ಪತ್ರೆಗೆ ಬಂದು "ಏನಾರ ಮಾಡಿ, ದನಿ ಮಾತ್ರ ಉಳಿಸ್ಕೊಡಿ ಮೇಡಂ" ಎಂದು ಡಾಕ್ಟರ್ ಮುಬೀನಾಗೆ ಕೈ ಮುಗಿದಿದ್ದರು.

ದಾರಿ ಎರಡಿದ್ದವು. ಒಂದು, ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುವುದು. ಕತ್ತಿನಲ್ಲಿ ಉಸಿರಾಟಕ್ಕೆ ಒಂದು ರಂಧ್ರ ಉಳಿಯುತ್ತದೆ, ಇದ್ದ ದನಿ ಹೋಗುತ್ತದೆ. ಇನ್ನೊಂದು ರೇಡಿಯೇಷನ್, ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಏಳು ವಾರ ದಿನಾ ಬರಬೇಕು, ಜೊತೆಗೆ ಔಷಧಿ. ಡಾಕ್ಟರ್ ಬರೆದುಕೊಟ್ಟ ಚೀಟಿಯ ಪ್ರಕಾರ ಐದು ವರ್ಷದ ಮೇಲೆ ಬದುಕಿರುವವರ ಬಿಳಿ ಬಟನ್ನು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಐವತ್ತೆಂಟು ಮತ್ತು ಐವತ್ತಾರು. ದನಿಗೆಂದು ಅದೇ ನೂರನ್ನು ಬೇರೆಯಾಗಿ ಎಣಿಸಿದರೆ ಕರೆಂಟಿನ ಕಡೆ ದನಿ ಉಳಿಯುವ ಹಳದಿ ಬಟನ್ನು ಅರವತ್ತು. ಆದರೆ ಇಪ್ಪತ್ತೈದು ಜನ ಮುಂದೆ ಯಾವಾಗಲಾದರೂ ಆಪರೇಷನ್ನಿಗೆ ಮರಳಿ ಬರಬೇಕಾಗುತ್ತದೆ.

ಆ ಹಳದಿ ಬಟನ್ನುಗಳನ್ನು ನಾನು ಒಂದೊಂದಾಗಿ, ಬೆರಳಿಟ್ಟು, ಮುದ್ದು ಮಾಡಿದಂತೆ ಎಣಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಪರೇಷನ್ನಿನ ಕಡೆಯದನ್ನು ಗಡಿಬಿಡಿಯಲ್ಲಿ ಮುಗಿಸಿದೆ. ನುಂಗುವ ವಿಷಯಕ್ಕೆ ಬೇರೆ ಬಟನ್ನು ಹಾಕಿ ತೋರಿಸಬೇಕಿತ್ತು, ಅದನ್ನು ಹಾಕದೆ "ಕರೆಂಟ್ ಕೊಟ್ರೆ ಆಮೇಲೆ ನುಂಗೋದಕ್ಕೆ ಸ್ವಲ್ಪ ಕಷ್ಟ ಆಗಬಹುದು" ಎಂದು ಬಾಯಿ ಮಾತಿನಲ್ಲೇ ಹೇಳಿಬಿಟ್ಟೆ. ಅನೌನ್ಸರಿಗೆ ದನಿಗಿಂತ ಮುಖ್ಯವಾದದ್ದು ಏನಿರುತ್ತದೆ ಎಂದು ನನ್ನ ಮನಸ್ಸು ಮೊದಲೇ ಹೇಳಿಯಾಗಿತ್ತು.

ನಿಮಗೆ ಯಾವುದು ಮುಖ್ಯ ಎಂದು ಕೇಳಿದಾಗ ಉತ್ತರ ಕೊಟ್ಟವರು ಅವರ ಹೆಂಡತಿ ಸಾಕಮ್ಮ. ಗಟ್ಟಿ ಹೆಂಗಸು, ಅವತ್ತು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. "ಅವರ ದನಿ ಹೋದ್ರೆ ಅವರೇ ಹೋದಂಗೆ ಅಕ್ಕ. ಮೂವತ್ತೊಂದು ವರ್ಸ ಆ ಮೈಕಿನ ಮುಂದೆ ಬದುಕಿರೋರು. ಕರೆಂಟೇ ಕೊಡ್ಲಿ" ಎಂದರು.

ಬೋರಲಿಂಗಯ್ಯ ಬಟ್ಟೆಯನ್ನೇ ನೋಡುತ್ತಿದ್ದರು. ಏನೋ ಕೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, "ಊಂ, ಅವಳು ಹೇಳಿದ್ದೇ ಸರಿ" ಎಂದರು. ಅವರ ಮುಂದಿದ್ದ ಲೋಟ ಮುಟ್ಟಿದೆ. ತಣ್ಣಗಿತ್ತು. ಸಹಿ ಹಾಕಿದೆ. ಬರುವ ಸೋಮವಾರ ಚಿಕಿತ್ಸೆ ಶುರು ಎಂದು ನಿಗದಿಯಾಯಿತು.

ಶುಕ್ರವಾರ ಬಸ್ಸಿನಲ್ಲಿ ಬಂದಿದ್ದ ದಾರದ ಪಾರ್ಸೆಲ್ ಬಿಡಿಸಿಕೊಳ್ಳಲು ಸ್ಟ್ಯಾಂಡಿಗೆ ಹೋದೆ. ಅಲ್ಲಿನ ಕ್ಯಾಂಟೀನಿನ ಜಯಣ್ಣ ನನ್ನನ್ನು ಕಂಡವನೇ ಒಂದು ಲೋಟವನ್ನು ಇಕ್ಕಳದಲ್ಲಿ ಹಿಡಿದುಕೊಂಡು ಬಂದ. "ವಾರಿಜಕ್ಕ, ಇದು ನಿಮ್ಮ ಅನೌನ್ಸರ ಲೋಟ. ಬೆಳಿಗ್ಗೆ ಆರೂವರೆಗೆ ಕೊಟ್ಟಿದ್ದು, ಈಗ ಹನ್ನೊಂದೂಕಾಲು. ತೊಳೆಯೋಕೆ ಕೈ ಇಡೋಕಾಗ್ತಿಲ್ಲ. ಆಸ್ಪತ್ರೇಲಿ ಎಲ್ಲಾ ತೀರ್ಮಾನ ಆಯ್ತು ಅಂತಿದ್ರಲ್ಲ."

ಬೆರಳು ತಾಗಿಸಿದೆ, ಚುರುಕ್ ಎಂದಿತು. ಆಗ ಕಣ್ಣ ಮುಂದೆ ಬಂತು: ಅವತ್ತು ಬಟ್ಟೆ ಹಾಸಲು ಜಾಗ ಮಾಡಿಕೊಟ್ಟವರು ಸಾಕಮ್ಮ. ಎರಡೂ ಲೋಟ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ಮತ್ತೆ ತಂದಿಟ್ಟಿದ್ದರು. ಆಸ್ಪತ್ರೆಯ ಸ್ಟೀಲ್ ಲೋಟಗಳು ಎಲ್ಲವೂ ಒಂದೇ ಥರ. ನಾನು ಮುಟ್ಟಿದ್ದು ಸಾಕಮ್ಮನ ಲೋಟ. ತೀರ್ಮಾನ ಮಾಡಿದ್ದವರು ಅವರು, ಗಂಟಲು ಮಾತ್ರ ಬೋರಲಿಂಗಯ್ಯನವರದು. ಇನ್ನು ಎರಡು ದಿನ ಕಳೆದಿದ್ದರೆ ಆ ಮನುಷ್ಯ ತನ್ನದಲ್ಲದ ತೀರ್ಮಾನವನ್ನು ಹೊತ್ತುಕೊಂಡು ಮೆಷಿನ್ನಿನ ಕೆಳಗೆ ಮಲಗುತ್ತಿದ್ದರು, ಅದೂ ನನ್ನ ಸಹಿಯ ಮೇಲೆ.

ಅನೌನ್ಸ್ ಮಾಡುವ ಕೋಣೆ ಎಂದರೆ ಒಂದು ಕುರ್ಚಿ, ಒಂದು ಸ್ಟೂಲು ಹಿಡಿಸುವ ಗೂಡು. ನಾನು ಒಳಗೆ ಹೋದಾಗ ಬೋರಲಿಂಗಯ್ಯ ಮೈಕ್ ಆಫ್ ಮಾಡಿ ನನ್ನ ಬೆರಳು ನೋಡಿದರು.

"ಲೋಟ ಮುಟ್ಟಿದ್ರಾ?"

"ಮುಟ್ಟಿದೆ. ಅವತ್ತು ತಪ್ಪು ಲೋಟ ಮುಟ್ಟಿದ್ದೆ. ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಲೋಟ ಅವಳ ಮುಂದೆ ಹಬೆ ಆಡ್ತಿತ್ತು."

"ಮತ್ತೆ ಸುಮ್ಮನೆ ಯಾಕಿದ್ರಿ?" ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೇಲೆಯೇ, ಬಿದ್ದದ್ದು ಮಾತ್ರ ಅವರ ಮೇಲೆ.

ಅವರು ಟೈಮಿಂಗ್ಸ್ ಬರೆದ ಪುಸ್ತಕವನ್ನು ಸುಮ್ಮಸುಮ್ಮನೆ ತಿರುವಿದರು. "ಹೇಳಿದ್ರೆ ನೀವು ನಗಬಾರ್ದು."

"ನಗಲ್ಲ."

"ನಂಗೆ ಮುದ್ದೆ ಬೇಕು."

ನಾನು ನಗಲಿಲ್ಲ. ಅರ್ಥವೂ ಆಗಲಿಲ್ಲ.

"ನುಂಗೋಕೆ ಕಷ್ಟ ಆಗಬೌದು ಅಂದ್ರಲ್ಲ ನೀವು. ಎಷ್ಟು ಜನಕ್ಕೆ, ಎಷ್ಟು ದಿನ ಅಂತ ಕೇಳೋಣ ಅನ್ಕೊಂಡೆ. ಅಷ್ಟ್ರಲ್ಲಿ ಸಾಕಮ್ಮ ಅಳೋಕೆ ಶುರು ಮಾಡಿದ್ಲು. ದನಿ ಹೋದ್ರೆ ಅವರೇ ಹೋದಂಗೆ ಅಂತಾವ್ಳೆ. ಡ್ರೈವರ್‌ಗಳು ಬಂದು ಕೈ ಮುಗೀತಾವ್ರೆ. ಅವರೆಲ್ಲರ ಮುಂದೆ ನಂಗೆ ದನಿ ಹೋದ್ರೂ ಚಿಂತೆ ಇಲ್ಲ, ಮುದ್ದೆ ನುಂಗಂಗಿರ್ಬೇಕು ಅಂತ ಹೆಂಗಕ್ಕ ಹೇಳ್ಲಿ? ಹೊಟ್ಟೆಬಾಕ ಅನ್ಕೊಳಲ್ವಾ ಜನ?" ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ಮಾತು ಆಡಿದ್ದೆಲ್ಲ ಊರಿಗೆ ಆಯ್ತು. ನಂಗೆ ಅಂತ ಇರೋದು ಮಧ್ಯಾಹ್ನದ ಊಟ ಒಂದೇ. ಅವಳು ಮುದ್ದೆ ಕಟ್ಟಿ ತಟ್ಟೆಗೆ ಇಕ್ತಾಳೆ, ಎದುರಿಗೆ ಕೂತ್ಕೊತಾಳೆ, ಉಪ್ಸಾರು ಖಾರ ಆಯ್ತಾ ಅಂತಾಳೆ. ನಾನು ಗಂಜಿ ಕುಡ್ಕೊಂಡು ಕೂತ್ರೆ ಅವಳು ಮುದ್ದೆ ಮಾಡ್ಕೊಂಡು ತಿಂತಾಳಾ? ತಿನ್ನಲ್ಲ. ನನ್ ಜೊತೆ ಅವಳೂ ಗಂಜಿ ಕುಡೀತಾಳೆ. ಅದೂ ಅಲ್ದೆ, ಕರೆಂಟ್ ಕೊಟ್ಮೇಲೆ ಮತ್ತೆ ಬಂತಾ, ಮತ್ತೆ ಬಂತಾ ಅಂತ ಎರಡು ತಿಂಗಳಿಗೊಂದ್ಸಲ ಗಂಟಲು ತೋರಿಸ್ಕೊಂಡು ಇರೋ ಗುಂಡಿಗೆ ನಂದಲ್ಲ."

ಆಪರೇಷನ್ನೇ ಮಾಡಿಸಿಕೊಳ್ಳಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿಕೊಂಡೆ. ಒಂದು ಸಲ ಒಂದು ಕಡೆಗೆ ತಳ್ಳಿದವಳು ಈಗ ಇನ್ನೊಂದು ಕಡೆಗೆ ತಳ್ಳುವುದು ಯಾವ ನ್ಯಾಯ? "ಇದನ್ನ ಸಾಕಮ್ಮನ ಮುಂದೆ ಹೇಳ್ತೀರಾ?" ಎಂದಷ್ಟೇ ಕೇಳಿದೆ. ಅವರು ಮೈಕಿನ ಕಡೆ ತಿರುಗಿ, ಹನ್ನೊಂದೂವರೆಯ ಗಾಡಿ ಮೂರನೇ ಅಂಕಣದಲ್ಲಿದೆ ಎಂದು ಒಡೆದ ದನಿಯಲ್ಲಿ ಊರಿಗೆ ಹೇಳಿ, ಆಮೇಲೆ ನನಗೆ "ಹೇಳ್ತೀನಿ, ನೀವು ಪಕ್ಕದಲ್ಲಿರಿ" ಎಂದರು.

ಡಾಕ್ಟರ್ ಮುಬೀನಾ ಬೈಯಬಹುದೆಂದು ಹೆದರಿಕೊಂಡೇ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ನಾನು ಸಹಿ ಹಾಕಿದ್ದ ಚೀಟಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಸೋಮವಾರದ್ದು ನಿಲ್ಲಿಸ್ತೀನಿ. ಮಂಗಳವಾರ ನಾಲ್ಕೂ ಜನ ಕೂರೋಣ, ಒಂದೆರಡು ದಿನಕ್ಕೆ ಏನೂ ಹಾಳಾಗಲ್ಲ. ಮತ್ತೆ ವಾರಿಜಕ್ಕ, ಈ ಸಲ ದಾರ ಕಟ್ಟಿ." ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಂಗಳವಾರ ಕೆಂಪು ದಾರವನ್ನು ಎರಡು ಗಂಟು ಹಾಕಿ ಬೋರಲಿಂಗಯ್ಯನವರ ಲೋಟಕ್ಕೆ ಕಟ್ಟಿದೆ. ಬಟ್ಟೆ ಹಾಸಿ, ಮೊದಲಿಂದ ಎಣಿಸಿದೆ, ಎರಡೂ ಕಡೆ ಒಂದೇ ವೇಗದಲ್ಲಿ. ನುಂಗುವುದಕ್ಕೆಂದು ಹಸಿರು ಬಟನ್ನು ಹೊಸದಾಗಿ ಹಾಕಿದ್ದೆ. ಕರೆಂಟಿನ ಕಡೆ ನೂರರಲ್ಲಿ ನಲವತ್ತು ಜನಕ್ಕೆ ಬಹಳ ಕಾಲ ಮೆತ್ತಗಿನದೇ ಊಟ. ಆಪರೇಷನ್ನಿನ ಕಡೆ ಹದಿನೈದು ಜನಕ್ಕೆ. "ಹದಿನೈದು ಅಂದ್ರೆ ಇಲ್ಲ ಅಂತಲ್ಲ, ನಿಮಗೂ ಆಗಬಹುದು" ಎಂದು ಡಾಕ್ಟರ್ ಬಿಡಿಸಿ ಹೇಳಿದರು. "ಆಪರೇಷನ್ ಆದ್ರೆ ಮೂಗಿನಿಂದ ಉಸಿರಾಡಲ್ಲ. ವಾಸನೆ ಅಷ್ಟಾಗಿ ಗೊತ್ತಾಗಲ್ಲ."

ಬೋರಲಿಂಗಯ್ಯ ತಲೆ ತಗ್ಗಿಸಿಕೊಂಡು, ಗೂಡಿನಲ್ಲಿ ನನಗೆ ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದರು. ಕೊನೆಗೆ "ವಾಸನೆ ಹೋದ್ರೆ ಹೋಗ್ಲಿ, ನಿನ್ ಉಪ್ಸಾರಿನ ವಾಸನೆ ನಂಗೆ ಬಾಯಿಪಾಠ" ಎಂದು ಸೇರಿಸಿದರು.

ಸಾಕಮ್ಮ ನನ್ನ ಕಡೆ ತಿರುಗಿದರು. "ನೋಡಿ ಅಕ್ಕ. ಮೂವತ್ಮೂರು ವರ್ಸ ಮುದ್ದೆ ತಿರುವಿ ತೋಳು ಬಿದ್ದೋಯ್ತು. ಒಂದಿನ ಚೆನ್ನಾಗೈತೆ ಅಂದೋರಲ್ಲ. ಈಗ ಡಾಕ್ಟ್ರ ಮುಂದೆ ಹೇಳ್ತಾವ್ರೆ."

ಬೋರಲಿಂಗಯ್ಯ ಲೋಟ ಎತ್ತಿಕೊಂಡರು. ಸುಮ್ಮನೆ ಎತ್ತಿಕೊಂಡವರು ಅದು ಸುಡುತ್ತಿಲ್ಲವೆಂದು ಗಮನಿಸಿ ಅಂಗೈ ತುಂಬ ಹಿಡಿದರು. ಒಂದೇ ಸಲಕ್ಕೆ ಗಟಗಟ ಕುಡಿದಿಟ್ಟರು. ಡಾಕ್ಟರ್ ಪೆನ್ನು ಮುಂದೆ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ, ಗಲ್ಲದಲ್ಲೇ ಹೆಂಡತಿಯ ಲೋಟದ ಕಡೆ ತೋರಿಸಿದರು. ಅದು ಹಬೆಯಾಡುತ್ತಿತ್ತು.

"ರೂಲ್ಸ್ ಪ್ರಕಾರ ನಿಮ್ಮ ಲೋಟ ಒಂದೇ ಸಾಕು" ಎಂದರು ಡಾಕ್ಟರ್.

"ರೂಲ್ಸು ಇರ್ಲಿ ಮೇಡಂ. ಅವಳದೂ ಆಗ್ಲಿ. ಮನೇಲಿ ನನ್ ಜೊತೆ ಇರೋದು ಅವಳು."

ಹಾಗೆ ಕಾಯುತ್ತ ಕೂತೆವು. ಡಾಕ್ಟರ್ ವಾರ್ಡಿಗೆ ಹೋಗಿ ಇಬ್ಬರು ರೋಗಿಗಳನ್ನು ನೋಡಿಕೊಂಡು ಬಂದರು, ಲೋಟ ಹಾಗೇ ಇತ್ತು. ಸಾಕಮ್ಮ ಒಂದೊಂದಾಗಿ ಕೇಳತೊಡಗಿದರು. ಸ್ನಾನ ಮಾಡುವಾಗ ಆ ತೂತಿನೊಳಗೆ ನೀರು ಹೋದರೆ? ಕೆಮ್ಮು ಬಂದರೆ? ರಾತ್ರಿ ಕವುಚಿ ಮಲಗುವ ಅಭ್ಯಾಸ ಇದೆಯಲ್ಲ ಇವರಿಗೆ? ಡಾಕ್ಟರ್ ಎಲ್ಲಕ್ಕೂ ಉತ್ತರ ಹೇಳಿದರು, ಕಾಗದದ ಮೇಲೆ ಕತ್ತಿನ ಚಿತ್ರ ಬರೆದು ತೋರಿಸಿದರು. ಮಾತಿಗೆ ಸಣ್ಣ ಉಪಕರಣ ಇದೆ, ಕತ್ತಿಗೆ ಹಿಡಿದರೆ ಮಾತು ಬರುತ್ತದೆ, ಆದರೆ ಅದು ಈ ದನಿಯಲ್ಲ ಎಂದೂ ಮುಚ್ಚಿಡದೆ ಹೇಳಿದರು.

"ನಾನು ಅಡಿಗೆ ಮನೆಯಿಂದ ಕರೀತೀನಲ್ಲ" ಎಂದರು ಸಾಕಮ್ಮ, "ಊಟಕ್ಕೆ ಬನ್ನಿ ಅಂತ. ಆಗ?"

ಡಾಕ್ಟರ್ ನನ್ನನ್ನು ನೋಡಿದರು, ನಾನು ಬಟನ್ನುಗಳನ್ನು ನೋಡಿದೆ. ಅದಕ್ಕೆ ಬೇಕಾದ ಬಣ್ಣ ನಮ್ಮಲ್ಲಿರಲಿಲ್ಲ. ನಮ್ಮ ಮನೆಯಲ್ಲೂ ಹೀಗೆ ಕರೆದರೆ ಓಗೊಡುವ ದನಿಯೊಂದಿತ್ತು. ಈಗ ನಾನು ಕರೆಯುವುದನ್ನೇ ಬಿಟ್ಟಿದ್ದೇನೆ.

ಬೋರಲಿಂಗಯ್ಯ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ ತೋರಿಸಿದರು. ಹಿಂಗೆ ಕುಟ್ಟುತ್ತೇನೆ ಎಂಬಂತೆ.

ಸಾಕಮ್ಮ ಆ ಬೆರಳನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಸೆರಗು ಬಾಯಿಗೊತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು, ಕಣ್ಣಲ್ಲಿ ನೀರೂ ಬರುತ್ತಿತ್ತು. "ಬೇಡ, ಕುಟ್ಟಬೇಡಿ. ಇಷ್ಟು ವರ್ಸ ಕರೆದಾಗೆಲ್ಲ ಬಂದೆ ಬಂದೆ ಅಂತ ಕೂತಲ್ಲಿಂದ್ಲೇ ಕೂಗಿದ್ರಿ. ಮುದ್ದೆ ಆರಿ ಕಲ್ಲಾದ ಮೇಲೆ ಬಂದ್ರಿ. ಇನ್ಮೇಲೆ ಬಂದೆ ಅನ್ನೋಕಾಗಲ್ಲ. ಎದ್ದು ಬರ್ಲೇಬೇಕು."

ಬೋರಲಿಂಗಯ್ಯ ತಲೆಯಾಡಿಸಿದರು. ಸಾಕಮ್ಮ ಕಣ್ಣು ಒರೆಸಿಕೊಂಡು ತಮ್ಮ ಕಾಫಿ ಎತ್ತಿ ಕುಡಿದು, "ತಣ್ಣೀರಾಗೈತೆ" ಎಂದು ಮುಖ ಸಿಂಡರಿಸಿದರು. ಬೋರಲಿಂಗಯ್ಯ ಸಹಿ ಹಾಕಿದರು.

ಆಪರೇಷನ್ ಆಗಿ ನಾಲ್ಕು ತಿಂಗಳಾದ ಮೇಲೆ ಒಂದು ದಿನ ಊಟಕ್ಕೆ ಬನ್ನಿ ಎಂದು ಸಾಕಮ್ಮ ಹೇಳಿಕಳಿಸಿದರು. ಅವರ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ಈಗ ಅಲ್ಲಿ ಒಬ್ಬಳು ಹುಡುಗಿ ಅನೌನ್ಸ್ ಮಾಡುತ್ತಾಳೆ, ಗಾಡಿಗಳು ಎಂದಿನಂತೆ ತಡವಾಗಿ ಹೊರಡುತ್ತವೆ. ಬೋರಲಿಂಗಯ್ಯ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕತ್ತಿಗೊಂದು ತೆಳು ಬಿಳಿ ಬಟ್ಟೆ ಕಟ್ಟಿದ್ದರು. ಸ್ವಲ್ಪ ಇಳಿದಿದ್ದರು. ನನ್ನನ್ನು ನೋಡಿ ಕೈ ಎತ್ತಿ ಒಳಗೆ ಹೋಗಿ ಎಂದು ಸನ್ನೆ ಮಾಡಿದರು.

ಅಡಿಗೆ ಮನೆಯಲ್ಲಿ ಸಾಕಮ್ಮ ಮುದ್ದೆ ಕಟ್ಟುತ್ತಿದ್ದರು. ಚಿಕ್ಕ ಚಿಕ್ಕದಾಗಿ ಕಟ್ಟುವುದು, ನಿಧಾನವಾಗಿ ನುಂಗುವುದು, ಮೊದಲ ತಿಂಗಳೆಲ್ಲ ಗಂಜಿಯೇ ಗತಿಯಾಗಿ ಇಬ್ಬರೂ ಹೆದರಿದ್ದು, ಎಲ್ಲವನ್ನೂ ಹೇಳಿದರು. ನಾನು ಮಣೆಯ ಮೇಲೆ ಕೂತು ಕೇಳಿದೆ. ಮೂರು ತಟ್ಟೆ ಇಟ್ಟು, ಉಪ್ಸಾರು ಬಡಿಸಿ, ಸಾಕಮ್ಮ ಬಾಗಿಲ ಕಡೆ ತಿರುಗಿ ಕರೆದರು.

"ಊಟಕ್ಕೆ ಬನ್ನಿ."

ಉತ್ತರ ಬರಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಅವರೇ ಬಂದರು.